ಕಾಶವ್ವನ ಬಿಳಿ ಹಗ್ಗ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಹೊಳೆಯ ದಂಡೆಗೆ ಒಂದು ಊರಿತ್ತು. ಊರ ತುಂಬ ಮಗ್ಗ. ಆ ಊರಲ್ಲಿ ಕಾಶವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳು. ಬಾಣಂತನವೂ ಅವಳದೇ, ಜ್ವರ ಕೆಮ್ಮಿಗೆ ಮದ್ದೂ ಅವಳದೇ. ನಿಂತಲ್ಲಿ ನಿಲ್ಲುವ ಹೆಂಗಸಲ್ಲ. ಉಣ್ಣುವಾಗಲೂ ಒಂದು ಕಾಲು ಹೊಸ್ತಿಲ ಆಚೆಗೇ ಇರುತ್ತಿತ್ತು ಅಂತಾರೆ.

ಅವಳಿಗೆ ಕಲಿಯುವ ಹುಚ್ಚು. ಕುರಿಗಾರರು ಊರ ಹೊರಗೆ ಬಿಡಾರ ಹಾಕಿದರೆ ಹೋಗಿ, ಮುರಿದ ಕಾಲು ಕಟ್ಟುವುದನ್ನು ನೋಡಿ ಬರುತ್ತಿದ್ದಳಂತೆ. ಹೊಳೆ ದಾಟಿ ಬಂದ ವೈದ್ಯನೊಬ್ಬನ ಹಿಂದೆ ಮೂರು ಊರು ತಿರುಗಿ ಕಷಾಯ ಕಾಸುವುದನ್ನು ಕಲಿತಳಂತೆ. ಯಾರ ಹತ್ತಿರ ಹೋದರೂ ಸೆರಗಿನಲ್ಲಿ ಒಂದು ಬೆಲ್ಲದ ಉಂಡೆ, ಅದು ಗುರುದಕ್ಷಿಣೆ. ತಲೆ ಪೂರ್ತಿ ಬೆಳ್ಳಗಾದ ಮೇಲೂ ಬೆಲ್ಲ ಕಟ್ಟಿಕೊಂಡು ಹೊರಟರೆ ಓಣಿಯವರು ನಗುತ್ತಿದ್ದರು, ಇವತ್ತ ಯಾವ ಸಾಲಿ ಕಲಿಯಾಕ ಹೊಂಟೀ ಕಾಶವ್ವಾ ಅಂತ.

ಅಕ್ಷರ ಮಾತ್ರ ಅವಳಿಗೆ ಬರುತ್ತಿರಲಿಲ್ಲ. ಅದಕ್ಕೆ ಮನೆಗೊಂದು ದಾರ ಇಟ್ಟಿದ್ದಳು. ಆಯಾ ಮನೆಯ ಮಗ್ಗದ ನೂಲು, ಅವಳ ಒಳಕೋಣೆಯ ಗೂಟದಲ್ಲಿ. ಜ್ವರಕ್ಕೆ ಒಂದು ಗಂಟು, ಹೆರಿಗೆಗೆ ಜೋಡಿ ಗಂಟು, ಬಸಿರು ಇಳಿದುಹೋದರೆ ಸಡಿಲು ಗಂಟು. ಆ ಗಂಟು ಓದಲು ಅವಳೊಬ್ಬಳಿಗೇ ಗೊತ್ತು. ಹೆಂಗಸರು ಹಿತ್ತಿಲ ಬಾಗಿಲಿಂದ ಬಂದು, ಮೊದಲು ಆಣೆ ಹಾಕಿಸಿಕೊಂಡು, ಆಮೇಲೆ ಹೇಳುತ್ತಿದ್ದರು. ನೀವು ಆ ಕೈಯಲ್ಲಿರುವ ಫೋನಿಗೆ ಏನೇನು ಹೇಳಿಕೊಂಡಿದ್ದೀರೋ ನಿಮಗೇ ನೆನಪಿಲ್ಲ. ಆಗ ಹಾಗಿರಲಿಲ್ಲ. ಕಾಶವ್ವನಿಗೆ ಹೇಳಿದ ಮಾತು ಕಾಶವ್ವನ ಗಂಡನಿಗೂ ಗೊತ್ತಾಗುತ್ತಿರಲಿಲ್ಲ ಅಂತಾರೆ.

ಹೀಗಿರುವಾಗ ಊರಿಗೆ ಒಂದು ಹೊಸ ಬಣ್ಣ ಬಂತು. ಬಣ್ಣಗಾರ ಸಂಕಪ್ಪ ಅಂತ, ಮೂಡಲ ಓಣಿಯವನು, ಎಲ್ಲಿಂದಲೋ ಒಂದು ಪುಡಿ ತಂದ. ನೂಲಿಗೆ ಹಾಕಿದರೆ ಗಿಳಿಹಸಿರು. ಅಂಥ ಹಸಿರು ಸುತ್ತಮುತ್ತ ಯಾರೂ ಕಂಡಿರಲಿಲ್ಲ. ತೊಳೆದರೆ ಹೋಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಆ ಸೀರೆಗೆ ದೂರದೂರದಿಂದ ಜನ ಬಂದರು. ಹರಕು ಚಪ್ಪರದ ಮನೆಗಳಿಗೆ ಹೆಂಚು ಬಂತು. ಸಂಕಪ್ಪ ಕೆಟ್ಟವನಲ್ಲ, ಅದನ್ನು ನೆನಪಿಡಿ. ಕೇಳಿದವರಿಗೆಲ್ಲ ಬಣ್ಣದ ಗುಟ್ಟು ಹೇಳಿಕೊಡುವಷ್ಟು ಒಳ್ಳೆಯವನು.

ಆಮೇಲೆ ಕಾಶವ್ವನ ದಾರಗಳಲ್ಲಿ ಸಡಿಲು ಗಂಟು ಹೆಚ್ಚಾದವು. ಒಬ್ಬಳು ಬಂದು, ಐದನೇ ತಿಂಗಳಲ್ಲಿ ಇಳಿದುಹೋಯಿತು, ನಾನು ಭಾರ ಎತ್ತಿದ್ದೇ ತಪ್ಪಾಯಿತು ಅಂದಳು. ಇನ್ನೊಬ್ಬಳು, ಐದನೇ ತಿಂಗಳು, ಗ್ರಹಣ ನೋಡಿದ್ದೇ ತಪ್ಪಾಯಿತು ಅಂದಳು. ಪ್ರತಿಯೊಬ್ಬಳೂ ತನ್ನೊಬ್ಬಳಿಗೇ ಹೀಗಾಗಿದೆ ಅಂದುಕೊಂಡಳು. ಪ್ರತಿಯೊಬ್ಬಳೂ ಆಣೆ ಹಾಕಿಸಿಕೊಂಡಳು. ಕಾಶವ್ವ ಕಷಾಯ ಕೊಟ್ಟಳು, ಗಂಟು ಹಾಕಿದಳು, ಬಾಯಿ ಮುಚ್ಚಿಕೊಂಡಳು.

ಅವರಲ್ಲಿ ಸಾವಂತ್ರಿ ಅಂತ ಒಬ್ಬಳು, ಮೂಡಲ ಓಣಿಯ ಬಸಲಿಂಗವ್ವನ ಸೊಸೆ. ಎರಡು ಸಲ ಹೋಗಿತ್ತು. ಈಗ ಮೂರನೆಯದು, ಮೂರು ತಿಂಗಳು. ಅತ್ತೆ ಖಡಾಖಂಡಿತ ಹೇಳಿಬಿಟ್ಟಿದ್ದಳಂತೆ, ಈ ಸಲವೂ ನಿಲ್ಲದಿದ್ದರೆ ನೀನು ತವರಿಗೆ, ಮಗನಿಗೆ ಇನ್ನೊಂದು ಹೆಣ್ಣು ತರುತ್ತೇನೆ ಅಂತ. ತವರಲ್ಲಿ ಅವಳಿಗೆ ಯಾರೂ ಇರಲಿಲ್ಲ. ಸಾವಂತ್ರಿ ಕಾಶವ್ವನ ಕೈ ಹಿಡಿದು ಕೂತಳೇ ಹೊರತು ಅಳಲೂ ಇಲ್ಲ. ಅಳದೇ ಇದ್ದದ್ದಕ್ಕೇ ಕಾಶವ್ವನಿಗೆ ಹೆಚ್ಚು ಸಂಕಟವಾಯಿತು.

ಆ ಹುಡುಗಿ ಹೋದ ಮೇಲೆ ಕಾಶವ್ವ ಮನೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ತಿರುಗಿದಳು. ತಿರುಗಿ ತಿರುಗಿ ಸಾಕಾಗಿ ಗೂಟದ ದಾರಗಳನ್ನೆಲ್ಲ ಇಳಿಸಿದಳು. ಅಲ್ಲಿಯವರೆಗೆ ಅವು ಬಂದವರು ಬಂದಂತೆ ತೂಗುತ್ತಿದ್ದವು. ಅವತ್ತು ಏನು ತೋಚಿತೋ, ಮನೆಗಳು ಇದ್ದ ಸಾಲಿನಲ್ಲೇ ನೆಲದ ಮೇಲೆ ಹಾಸಿದಳು. ಇದು ಮೂಡಲ ಓಣಿ, ಇದು ಪಡುವಲ ಓಣಿ. ಸಡಿಲು ಗಂಟೆಲ್ಲ ಮೂಡಲಕ್ಕೆ. ಪಡುವಲದಲ್ಲಿ ಹುಡುಕಿದರೂ ಒಂದೆರಡು. ಮೂಡಲ ಓಣಿಯವರು ಕುಡಿಯುವುದು ಮೂಡಲ ಬಾವಿಯ ನೀರು. ಆ ಬಾವಿಯ ಹತ್ತಿರವೇ ಸಂಕಪ್ಪನ ಬಣ್ಣದ ಮನೆ. ಇಷ್ಟು ದಿನ ಎಲ್ಲವೂ ನನ್ನ ಕೋಣೆಯಲ್ಲೇ ಇತ್ತಲ್ಲ ಅಂತ ಕಾಶವ್ವ ಹಣೆ ಬಡಿದುಕೊಂಡಳಂತೆ.

ಆದರೂ ಅವಳು ಕೂಡಲೇ ಕೂಗೆಬ್ಬಿಸಲಿಲ್ಲ. ತಾನು ಅಂದುಕೊಂಡದ್ದೇ ನಿಜ ಅಂತ ನಂಬುವ ಜಾತಿಯಲ್ಲ ಅವಳು. ಬೆಲ್ಲದ ಉಂಡೆ ಕಟ್ಟಿಕೊಂಡು ಸಂಕಪ್ಪನ ಮನೆಗೆ ಹೋಗಿ, ನನಗೂ ಬಣ್ಣ ಹಾಕುವುದು ಕಲಿಸು ಅಂದಳು. ಈ ವಯಸ್ಸಿನಲ್ಲಿ ಎದಕ್ಕವ್ವ ಅಂತ ನಗುತ್ತಲೇ ಅವನು ಕಲಿಸಿದ. ಎಂಟು ದಿನ ಹಂಡೆ ಕಲಕಿದಳು. ಉಳಿದ ಬಣ್ಣದ ನೀರು ಹಿಂದಿನ ಗುಂಡಿಗೆ ಹೋಗುತ್ತದೆ, ಗುಂಡಿಗೂ ಬಾವಿಗೂ ಐದೇ ಹೆಜ್ಜೆ ಅನ್ನುವುದನ್ನು ನೋಡಿಕೊಂಡಳು. ಆಮೇಲೆ ಎರಡು ಬಿಳಿ ನೂಲಿನ ಲಡಿಗೆ ಕಲ್ಲು ಕಟ್ಟಿ, ಒಂದನ್ನು ಮೂಡಲ ಬಾವಿಗೆ, ಒಂದನ್ನು ಪಡುವಲ ಬಾವಿಗೆ ಇಳಿಬಿಟ್ಟಳು. ಒಂದು ವಾರ ಬಿಟ್ಟು ತೆಗೆದರೆ ಪಡುವಲದ್ದು ಬೆಳ್ಳಗೇ ಇತ್ತು. ಮೂಡಲದ್ದಕ್ಕೆ, ಬಿಸಿಲಿಗೆ ಹಿಡಿದರೆ ಕಾಣುವಷ್ಟು, ಹಸಿರು ಹತ್ತಿತ್ತು.

ಅಷ್ಟರಲ್ಲಿ ಸಾವಂತ್ರಿಗೆ ನಾಲ್ಕನೇ ತಿಂಗಳು ಹಿಡಿದಿತ್ತು. ಕಾಶವ್ವ ಪಡುವಲ ಬಾವಿಯ ನೀರನ್ನು ತಾನೇ ಹೊತ್ತು ಅವಳ ಹಿತ್ತಿಲಿಗೆ ಮುಟ್ಟಿಸಿದಳು. ಇದ್ಯಾವ ಮಾಟದ ನೀರು ಅಂತ ಬಸಲಿಂಗವ್ವ ಕೊಡವನ್ನೇ ತಿಪ್ಪೆಗೆ ಸುರಿದಳು. ನೀನೇ ಆ ಬಾವಿಗೆ ಹೋಗವ್ವ ಅಂದರೆ, ನಿಮ್ಮ ಓಣಿಯ ಬಾವಿ ಬಿಟ್ಟು ಈ ಓಣಿಗೆ ಯಾಕೆ ಬಂದೆ ಅಂತ ನಾಲ್ಕು ಜನ ಕೇಳುತ್ತಾರೆ, ನಾನೇನು ಹೇಳಲಿ ಅಂದಳು ಸಾವಂತ್ರಿ. ಇನ್ನು ಬಾವಿಯನ್ನೇ ಮುಚ್ಚಿಸದೆ ಗತಿಯಿಲ್ಲ.

ಕಾಶವ್ವ ಊರ ಹಿರಿಯರ ಮುಂದೆ ಲಡಿ ಹಿಡಿದು ನಿಂತಳು. ಬಾವಿ ಕೆಟ್ಟಿದೆ, ಬಸಿರು ನಿಲ್ಲುತ್ತಿಲ್ಲ, ಮುಚ್ಚಿ ಅಂದಳು. ಹಿರಿಯರು ಲಡಿಯನ್ನು ಕೈಯಿಂದ ಕೈಗೆ ದಾಟಿಸಿದರು. ಬಣ್ಣಗಾರರ ಊರಲ್ಲಿ ನೂಲಿಗೆ ಬಣ್ಣ ಹತ್ತದೆ ಇನ್ನೇನು ಹತ್ತುತ್ತದೆ ಅಂದ ಒಬ್ಬ. ಇನ್ನೊಬ್ಬ ನೇರ ಕೇಳಿದ.

"ಯಾರ ಮನಿಯಾಗ ಆಗೇತಿ? ಹೆಸರು ಹೇಳು."

"ಹೆಸರು ಹೇಳಂಗಿಲ್ಲ."

"ಹೆಸರಿಲ್ಲದ ಮಾತು ಹೆಂಗ ನಂಬೂದು?"

ಆಗ ಸಂಕಪ್ಪ ಎದ್ದು ನಿಂತನಂತೆ. ಬಾವಿಗೆ ಎಲ್ಲರಿಗಿಂತ ಹತ್ತಿರ ಇರೋದು ನನ್ನ ಮನಿ, ನನ್ನ ಸೊಸಿಗೆ ಏನೂ ಆಗಿಲ್ಲಲ್ಲ ಅಂದ. ಸುಳ್ಳು ಹೇಳಲಿಲ್ಲ ಅವನು. ಅವನಿಗೆ ಗೊತ್ತಿರಲಿಲ್ಲ. ಅವನ ಮನೆಯ ದಾರದಲ್ಲಿ ಸೊಸೆಯವು ಎರಡು ಸಡಿಲು ಗಂಟು ಇದ್ದದ್ದು ಆ ಸಭೆಯಲ್ಲಿ ಗೊತ್ತಿದ್ದದ್ದು ಕಾಶವ್ವನಿಗೆ ಒಬ್ಬಳಿಗೇ. ಒಂದು ಮಾತು ಆಡಿದ್ದರೆ ಅವತ್ತೇ ಬಾವಿ ಮುಚ್ಚುತ್ತಿತ್ತು. ಕಾಶವ್ವ ಆಡಲಿಲ್ಲ. ಆಡಬೇಕಿತ್ತು ಅನ್ನುವವರು ಇವತ್ತಿಗೂ ಇದ್ದಾರೆ. ನಾನೂ ಒಂದು ದಿನ ಆಡಬೇಕಿತ್ತು ಅಂತೀನಿ, ಮರುದಿನ ಬಿಟ್ಟದ್ದೇ ಸರಿ ಅಂತೀನಿ. ಇಷ್ಟು ವರ್ಷವಾದರೂ ನನಗೆ ಸಮಾಧಾನವಿಲ್ಲ.

ಮನೆಗೆ ಬಂದವಳು ಬಣ್ಣ ಹಾಕದ ಬಿಳಿ ನೂಲನ್ನು ಹೊಸೆದು ಒಂದು ಹಗ್ಗ ಮಾಡಿದಳು. ಗಂಡಸರು ಉಂಡು ಮಲಗುವ ಹೊತ್ತಿಗೆ ಅದನ್ನು ಸೆರಗಿನೊಳಗಿಟ್ಟುಕೊಂಡು ಹಿತ್ತಿಲ ಬಾಗಿಲು ಬಾಗಿಲಿಗೆ ಹೋದಳು. ಪ್ರತಿ ಮನೆಯಲ್ಲೂ ಅದೇ ಮಾತು. ನಿನಗೊಬ್ಬಳಿಗೇ ಅಲ್ಲವ್ವ. ಈ ಹಸಿರು ಬಂದ ಮೇಲೆ ನಿನಗೆ ಎಷ್ಟು ಹೋಗಿವೆಯೋ ಅಷ್ಟು ಗಂಟು ಹಾಕು. ಹೆಸರು ಬೇಡ, ಗುರುತು ಬೇಡ. ನಾನು ಆ ಕಡೆ ತಿರುಗಿ ನಿಲ್ಲುತ್ತೇನೆ. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಬೈದರು. ಕೆಲವರು ಹಗ್ಗ ಇಸಿದುಕೊಂಡು ಬಹಳ ಹೊತ್ತು ಕೊಡಲೇ ಇಲ್ಲ. ಸಂಕಪ್ಪನ ಸೊಸೆ ಹಾಕಿದಳೋ ಇಲ್ಲವೋ ಗೊತ್ತಿಲ್ಲ, ಗೊತ್ತಾಗಬಾರದು ಅಂತಲೇ ಅಲ್ಲವೇ ಕಾಶವ್ವ ಆ ಕಡೆ ತಿರುಗಿ ನಿಂತದ್ದು.

ಕಡೆಗೆ ಹಗ್ಗ ಅವಳ ಕೈಗೇ ಬಂತು. ಕಾಶವ್ವನಿಗೂ ಒಂದು ಹೋಗಿತ್ತು. ಹರೆಯದಲ್ಲಿ, ಯಾರಿಗೂ ಹೇಳಿರಲಿಲ್ಲ. ಊರವರ ಗಂಟೆಲ್ಲ ಕಟ್ಟಿದವಳು ತನ್ನದನ್ನು ಯಾವ ದಾರಕ್ಕೂ ಕಟ್ಟಿರಲಿಲ್ಲ. ಹಗ್ಗದ ತುದಿ ಹಿಡಿದು ಕೂತಳು. ಕಟ್ಟಬೇಕು ಅಂತ ಬಹಳ ಆಸೆಯಾಯಿತಂತೆ. ಆದರೆ ಅದು ಹಸಿರು ಬರುವುದಕ್ಕಿಂತ ಮೊದಲಿನದು. ಅದನ್ನು ಕಟ್ಟಿದರೆ ಹಗ್ಗ ಸುಳ್ಳು ಹೇಳಿದಂತಾಗುತ್ತದೆ. ಕಟ್ಟದೆ ಎದ್ದಳು. 

ಮರುದಿನ ಹೊತ್ತು ಮೂಡುವ ಹೊತ್ತಿಗೆ ಹಗ್ಗ ಮೂಡಲ ಬಾವಿಯ ಕಟ್ಟೆಗೆ ಸುತ್ತಿತ್ತು. ಮೂವತ್ತೊಂದು ಗಂಟು ಅಂತಾರೆ. ನಮ್ಮಜ್ಜಿ ನಲವತ್ತು ಅಂತಿದ್ದಳು, ಅವಳು ಎಲ್ಲದಕ್ಕೂ ಒಂದಿಷ್ಟು ಸೇರಿಸುವವಳು. ಹೆಂಗಸರು ಕೊಡ ಹಿಡಿದು ಬಂದರು. ನೋಡಿದರು, ನಿಂತರು. ಅವು ಏನಿನ ಗಂಟು ಅಂತ ಹಿತ್ತಿಲಿಂದ ಹಿತ್ತಿಲಿಗೆ ಆಗಲೇ ಸುದ್ದಿ ಹೋಗಿತ್ತು. ಯಾರೂ ನೀರು ಸೇದಲಿಲ್ಲ. ಗಂಡಸರು ಬಂದು ಯಾರವು ಇವು ಅಂತ ಗದರಿದರು. ಹೆಂಗಸರು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಅಲ್ಲೇ ನಿಂತರು, ಅವರ ನಡುವೆ ಸಾವಂತ್ರಿಯೂ ಇದ್ದಳು.

ಆಗ ಬಸಲಿಂಗವ್ವ ಬಂದಳು. ಜನರನ್ನು ನೂಕಿಕೊಂಡು ಮುಂದೆ ಹೋಗಿ ಹಗ್ಗ ಹಿಡಿದು ಎಣಿಸಿದಳು. ಸೊಸೆಯವು ಎರಡು ಅವಳಿಗೆ ಗೊತ್ತಿದ್ದವು. ಮೂರು, ನಾಲ್ಕು, ಹತ್ತು, ಇಪ್ಪತ್ತು. ಎಣಿಸುತ್ತ ಎಣಿಸುತ್ತ ಅವಳ ದನಿ ಸಣ್ಣಗಾಯಿತು. ಕಟ್ಟೆಯ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಎದ್ದು, ಸೊಸೆಯ ಸೊಂಟದ ಮೇಲಿನ ಖಾಲಿ ಕೊಡವನ್ನು ತಾನು ತಗೊಂಡು, ಯಾರ ಮುಖವನ್ನೂ ನೋಡದೆ ಪಡುವಲ ಬಾವಿಯ ದಾರಿ ಹಿಡಿದಳು. ಅವಳ ಹಿಂದೆ ಒಬ್ಬಳು, ಅವಳ ಹಿಂದೆ ಇನ್ನೊಬ್ಬಳು, ಇಡೀ ಓಣಿಯೇ ಹೊರಟಿತು. ಹೆಂಗಸರು ನೀರು ಸೇದದ ಬಾವಿ ಇಟ್ಟುಕೊಂಡು ಹಿರಿಯರು ಏನು ಮಾಡುತ್ತಾರೆ? ಮುಚ್ಚಿಸಿದರು.

ಸಂಕಪ್ಪ ತಾನಾಗಿಯೇ ಹಸಿರು ನಿಲ್ಲಿಸಿದ. ಒಂದು ವರ್ಷ ಮಗ್ಗಗಳು ಕುಂಟಿದವು, ಕಾಶವ್ವನಿಗೆ ಶಾಪ ಹಾಕಿದವರು ಬಹಳ ಜನ. ಸಾವಂತ್ರಿಗೆ ಐದು ದಾಟಿತು, ಆರು ದಾಟಿತು, ಹೆಣ್ಣುಮಗು ಹುಟ್ಟಿತು. ಅಂಗೈ ಅಷ್ಟು ಸಣ್ಣದಿತ್ತಂತೆ, ಉಳಿಯಿತು. ಈಗ ಆ ಓಣಿಯ ಅರ್ಧ ಜನ ನಾವು ಆ ಮಗುವಿನ ವಂಶದವರು ಅಂತ ಹೇಳಿಕೊಳ್ಳುತ್ತಾರೆ. ಎಲ್ಲರೂ ನಿಜ ಹೇಳುತ್ತಿದ್ದರೆ ಆ ಮಗು ಐವತ್ತು ಹೆತ್ತಿರಬೇಕು.

ಆಮೇಲೆ ಹಿರಿಯರಿಗೆ ಬುದ್ಧಿ ಬಂತು, ಅತಿಯಾಗಿ ಬಂತು. ನಿನ್ನ ದಾರಗಳಿಂದ ಊರಿಗೇ ಉಪಕಾರ, ಅವನ್ನು ಚಾವಡಿಯಲ್ಲಿ ಇಡು, ಓದುವುದು ನಮಗೂ ಕಲಿಸು ಅಂತ ಕೇಳಿದರಂತೆ. ಎಲ್ಲರಿಂದಲೂ ಕಲಿತವಳು ಇದೊಂದನ್ನು ಯಾರಿಗೂ ಕಲಿಸಲಿಲ್ಲ. ಮನೆ ಮನೆಗೆ ಹೋಗಿ ಅವರವರ ದಾರ ಅವರವರ ಕೈಗೆ ಕೊಟ್ಟು ಬಂದಳು.

ಕಾಶವ್ವ ಹೋಗಿ ಎಷ್ಟೋ ಕಾಲವಾಯಿತು. ಇವತ್ತಿಗೂ ನಮ್ಮಲ್ಲಿ ಹೊಸದೇನಾದರೂ ಬಂದರೆ, ಬಣ್ಣವಾಗಲಿ, ಯಂತ್ರವಾಗಲಿ, ಔಷಧವಾಗಲಿ, ಬೇಡ ಅನ್ನುವುದಿಲ್ಲ. ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಒಂದು ಬಿಳಿ ಹಗ್ಗ ತೂಗುಹಾಕುತ್ತೇವೆ. ಯಾರ ಮನೆಯಲ್ಲಿ ಏನಾದರೂ ಆದರೆ ಅವರೇ ಬಂದು ಒಂದು ಗಂಟು ಹಾಕುತ್ತಾರೆ. ಹಾಕುವಾಗ ಉಳಿದವರು ಆ ಕಡೆ ತಿರುಗಿಕೊಳ್ಳುತ್ತೇವೆ. ಹೋದ ವರ್ಷ ಹೊಳೆದಂಡೆಗೆ ಯಂತ್ರದ ಬಣ್ಣದ ಶೆಡ್ಡು ಬಂತಲ್ಲ, ಅವತ್ತೇ ನಾನು ಹಗ್ಗ ಕಟ್ಟಿ ಬಂದಿದ್ದೆ. ವರ್ಷವಿಡೀ ಖಾಲಿ ಇತ್ತು. ಹೋದ ತಿಂಗಳು ಒಂದು ಗಂಟು ಬಿತ್ತು, ಒಂದೇ ಅಲ್ಲವೇ ಅಂತ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ ಮೂರಾಗಿವೆ. ಅದಕ್ಕೇ ನಿಮ್ಮನ್ನೆಲ್ಲ ಕೆಲಸ ಬಿಡಿಸಿ ಕರೆದು ಕೂರಿಸಿದ್ದು.