ತುಪ್ಪದ ಘಮ ಎಲ್ಲಿ ಹೋಯ್ತು?

ಹೂಂ ಅನ್ನಿ, ಹೇಳ್ತೀನಿ. ಹೂಂ ಅನ್ನದಿದ್ದರೆ ಬಾಯಿ ಬಿಡಲ್ಲ.

ಹೊನ್ನಿ ಅಂತ ಒಬ್ಬಳಿದ್ದಳು. ಅವಳ ಚೌಡಜ್ಜಿ ಒಲೆ ಮೇಲೆ ಬೆಣ್ಣೆ ಕಾಯೋಕಿಟ್ಟಳು. ನಶ್ಯ ಸೇದಿ ಸೇದಿ ಅಜ್ಜಿ ಮೂಗು ಕೆಟ್ಟಿತ್ತು. ಅದಕ್ಕೇ ಹೊನ್ನಿಯನ್ನು ಕಾವಲು ಕೂರಿಸಿದಳು. ತುಪ್ಪ ಚೆನ್ನಾಗಿ ಘಮ್ ಅಂದಾಗ ಕೂಗು, ತಡವಾದರೆ ಸೀದುಹೋಗುತ್ತೆ ಅಂದಳು.

ಬೆಣ್ಣೆ ಕರಗಿತು. ಒಂಚೂರು ಘಮ ಬಂತು.

"ಅಜ್ಜೀ, ವಾಸನೆ ಬರ್ತಿದೆ" ಅಂದಳು ಹೊನ್ನಿ.

ಅಜ್ಜಿಗೆ ಕೋಪ ಬಂತು. ನನ್ನ ತುಪ್ಪ ನಾರುತ್ತಾ ಅಂತ ಮುಖ ಊದಿಸಿಕೊಂಡಳು. ಅಷ್ಟರಲ್ಲಿ ಘಮ ಮಾಯ!

ಹೊನ್ನಿಗೆ ರೇಗಿತು. ಇದೆಂಥ ಅನ್ಯಾಯ? ಕಣ್ಣು ಮುಚ್ಚಿದಳು. ಒಳಗೇ ಕೂಗಿದಳು.

ಮೂಗಮ್ಮ, ಮೂಗಮ್ಮ, ನನ್ನ ಘಮ ಕೊಡು. ಮೂಗಮ್ಮ ಕೊಡಲ್ಲ ಅಂದಳು. ಹಿಡಿಯೋಳು ನಾನು, ಒಯ್ಯೋನು ನರಣ್ಣ, ಅವನನ್ನು ಕೇಳು ಅಂದಳು.

ನರಣ್ಣ ದಾರದಷ್ಟು ಸಣ್ಣ. ನರಣ್ಣ, ನರಣ್ಣ, ಮೂಗಮ್ಮ ಕೊಡಲ್ಲ ಅಂತಾಳೆ, ನೀನು ಕೊಡು. ನರಣ್ಣನೂ ಕೊಡಲ್ಲ ಅಂದ. ನಾನು ಘಮದ ಸುದ್ದಿ ಹೊತ್ತ ರಸ ಹನಿ ಹನಿ ಸುರೀತೀನಿ, ಗಂಟಕ್ಕ ಬಾಯೇ ಬಿಡಲ್ಲ, ಅವಳನ್ನು ಕೇಳು ಅಂದ.

ಗಂಟಕ್ಕ ಮಿದುಳಿನ ಬಾಗಿಲಲ್ಲಿ ಗಂಟಾಗಿ ಕೂತಿದ್ದಳು. ಗಂಟಕ್ಕ, ಗಂಟಕ್ಕ, ಮೂಗಮ್ಮ ಕೊಡಲ್ಲ ಅಂತಾಳೆ, ನರಣ್ಣ ಕೊಡಲ್ಲ ಅಂತಾನೆ, ನೀನು ಕೊಡು. ಗಂಟಕ್ಕನೂ ಕೊಡಲ್ಲ ಅಂದಳು. ಪಕ್ಕದ ಶ್ ಮಾವ ನನ್ನ ಮೇಲೆ ಬಾಯಿ ಮುಚ್ಚಿಸೋ ಶ್ ರಸ ಚೆಲ್ಲಿದಾನೆ, ಅವನನ್ನು ಕೇಳು ಅಂದಳು.

ಹೊನ್ನಿಗೆ ಮೈಯೆಲ್ಲ ಉರಿಯಿತು. ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸೋರೇ. ಅಲ್ಲಿ ತುಪ್ಪ ಕೆಂಪಗಾಗ್ತಿದೆ.

ಶ್ ಮಾವ, ಶ್ ಮಾವ, ಮೂಗಮ್ಮ ಕೊಡಲ್ಲ ಅಂತಾಳೆ, ನರಣ್ಣ ಕೊಡಲ್ಲ ಅಂತಾನೆ, ಗಂಟಕ್ಕ ಕೊಡಲ್ಲ ಅಂತಾಳೆ. ಯಾಕೋ ಮಾವ ಬಾಯಿ ಮುಚ್ಚಿಸಿದೆ?

ಶ್ ಮಾವನಿಗೂ ಸಿಟ್ಟು. "ನೀನೇ ತಾನೇ ವಾಸನೆ ಅಂದಿದ್ದು? ವಾಸನೆ ಅಂದ್ರೆ ನಾತ ಅಂದ್ಕೊಂಡೆ. ನಾತವನ್ನ ಒಳಗೆ ಬಿಡ್ಲಾ?"

ಹೊನ್ನಿ ನಾಲಿಗೆ ಕಚ್ಚಿಕೊಂಡಳು.

"ವಾಸನೆ ಅಲ್ಲ ಮಾವ. ಘಮ. ನಮ್ಮಜ್ಜಿ ತುಪ್ಪದ ಘಮ."

ಹಾಗನ್ನು ಮತ್ತೆ ಅಂದ ಶ್ ಮಾವ. ಶ್ ಮಾವ ಶ್ ರಸ ನಿಲ್ಲಿಸಿದ. ಗಂಟಕ್ಕ ಬಾಯಿ ಬಿಟ್ಟಳು. ನರಣ್ಣ ಹನಿ ಹನಿ ಸುರಿದ. ಮೂಗಮ್ಮ ಅರಳಿದಳು. ಹೊನ್ನಿಗೆ ಘಮ ಬಂತು.

"ಅಜ್ಜೀ, ಘಮ್ ಅಂತಿದೆ. ಇಳಿಸು."

ಅಜ್ಜಿ ಗಬಕ್ಕನೆ ಇಳಿಸಿದಳು. ತುಪ್ಪ ಸೀಯಲಿಲ್ಲ. ಅಜ್ಜಿಯ ಕೋಪ ಇಳಿಯಿತು. ತಳದ ಗಸಿಗೆ ಬೆಲ್ಲ ಕಲಸಿ ಹೊನ್ನಿಗೆ ಕೊಟ್ಟಳು. ತಾನೂ ಬಗ್ಗಿ ಮೂಸಿದಳು. ಏನೂ ಗೊತ್ತಾಗಲಿಲ್ಲ, ಪಾಪ. ಬೇಜಾರಾಗಿ ನಶ್ಯದ ಡಬ್ಬಿ ಹುಡುಕಿದಳು. ಒಲೆಯೊಳಗೆ ಏನೋ ಚಟಚಟ ಉರೀತಿತ್ತು.

ಡಬ್ಬಿ ಎಲ್ಲೇ ಹೊನ್ನಿ?

ಹೊನ್ನಿ ಬೆಲ್ಲ ನೆಕ್ಕುತ್ತಾ ಅಂದಳು, "ಒಲೆನ ಕೇಳು."