ಬ್ಯಾಟರಿ ಮೌಲಮ್ಮ

ಯಾವ ಕಾಲ ಅಂತ ಕೇಳಬ್ಯಾಡ್ರಿ, ನಮ್ಮಜ್ಜಗೂ ಗೊತ್ತಿರಲಿಲ್ಲ. ಸುತ್ತ ಹತ್ತೂರಿಗೆ ಒಂದೇ ಕಾರಿದ್ದ ಕಾಲ ಅಂತ ತಿಳ್ಕೊಳ್ರಿ. ಹಿರೇಗುಡ್ಡದ ಅಡ್ಡರಸ್ತೆಯಾಗ, ಬೇವಿನ ಗಿಡದ ಬುಡಕ್ಕ, ಮೌಲಮ್ಮ ಅಂತ ಒಬ್ಬಾಕಿ ಇದ್ದಳಂತ. ಹಾದು ಹೋಗೋ ಬಸ್ಸು-ಲಾರಿಯ ಸತ್ತ ಬ್ಯಾಟರಿಗೆ ಜೀವ ಬರಿಸೋದೇ ಆಕಿ ಕೆಲಸ. ಕಿವಿ ಹಚ್ಚಿ ಕೇಳಿದ್ಲಂದ್ರ ಬ್ಯಾಟರಿ ತನ್ನ ತ್ರಾಸೆಲ್ಲಾ ಹೇಳ್ತಿತ್ತಂತ. ಹೌದೋ ಅಲ್ಲೋ, ನಾ ನೋಡಿಲ್ಲಪ್ಪ. ನೋಡಿದವರು ಅಂತಿದ್ರು.

ಆ ಕಾರು ಯಂಕೋಬಂದು. ವೈಶಾಖದಾಗ ಅವನ ತಂಗಿ ಹನುಮಕ್ಕನ ಲಗ್ನ. ತಾಯಿ-ತಂದಿ ಇಲ್ಲದ ಹುಡುಗಿಗೆ ಅಣ್ಣನೇ ಎಲ್ಲಾ. ಮದುಮಗನ್ನ ನಾನೇ ಕರಕೊಂಡು ಬರ್ತೀನಿ ಅಂತ ಎದಿ ಉಬ್ಬಿಸಿ ಹೊಂಟಿದ್ದ. ಮುಹೂರ್ತ ಮಧ್ಯಾಹ್ನಕ್ಕ. ಅದು ತಪ್ಪಿದ್ರ ಶ್ರಾವಣದ ತನಕ ಒಳ್ಳೆ ದಿನ ಇಲ್ಲ ಅಂತ ಪಂಚಾಂಗದವರು ಹೇಳಿಬಿಟ್ಟಿದ್ರು.

ತಿರುಗಿ ಬರುವಾಗ ಬೇವಿನ ಗಿಡದ ಹತ್ರ ಮದುಮಗನ ಸೋದರಮಾವಗ ನೀರಡಿಕಿ ಆತು. ಕಾರು ನಿಂತಿತು. ನಿಂತಿದ್ದು ನಿಂತೇಬಿಟ್ಟಿತು. ಕೀಲಿ ತಿರುವಿದ್ರ ಟಕ್ ಅಂತಿತ್ತು, ಅಷ್ಟೇ. ಬಾಸಿಂಗ ಕಟ್ಟಿದ ಮದುಮಗನೇ ಇಳಿದು ನೂಕಿದನಂತ. ನೂಕಿದ, ನೂಕಿದ, ಬಾಸಿಂಗ ಜಾರಿ ಗದ್ದಕ್ಕ ಬಂತಂತ. ಇದು ಅಪಶಕುನ, ವಾಪಸ್ ಹೋಗೋಣ ನಡೀರಿ ಅಂತ ಸೋದರಮಾವ ಶುರು ಹಚ್ಚಿದ. ಯಂಕೋಬ ಗಿಡದ ಬುಡಕ್ಕ ಓಡಿ ಮೌಲಮ್ಮನ್ನ ಕರೆದ.

ಮೌಲಮ್ಮ ಬಂದಳು. ಬ್ಯಾಟರಿ ಹತ್ರ ಕಿಡಿ ಬ್ಯಾಡಂತ ಮೊದಲು ಬೀಡಿ ಸೇದೋರನ್ನ ದೂರ ಅಟ್ಟಿದಳು. ಬಾನೆಟ್ ಎತ್ತಿ ನೋಡಿ ನಕ್ಕೇಬಿಟ್ಟಳು. ನಮ್ಮ ಯಂಕೋಬ ಭಾರೀ ಭಕ್ತ, ನೋಡ್ರಿ. ಅಮಾಸಿಗೊಮ್ಮೆ ಪೂಜಿ ಮಾಡಿ, ಬ್ಯಾಟರಿಯ ಆರೂ ಮುಚ್ಚಳಕ್ಕ ಅರಿಷಿಣ-ಕುಂಕುಮ ಮೆತ್ತಿ ಮೆತ್ತಿ, ಉಸಿರಾಡೋ ತೂತೆಲ್ಲಾ ಮುಚ್ಚಿಬಿಟ್ಟಿದ್ದ. ಮುಚ್ಚಳ ತೆಗೆದ್ರ ಪೂಜಿ ಕೆಡ್ತದಂತ ಒಳಗಿನ ನೀರೂ ನೋಡಿರಲಿಲ್ಲ. ನೀರು ತಳ ಕಂಡಿತ್ತು. ವೈರ್ ಕೂಡೋ ಕಡೆ ಬಿಳಿ ಬೂಷ್ಟು ಕಟ್ಟಿತ್ತು. ನನ್ನ ಕೈಯಾರೆ ತಂಗಿ ಲಗ್ನ ಕೆಡಿಸಿದೆನಲ್ಲ ಅಂತ ಯಂಕೋಬ ಅತ್ತೇಬಿಟ್ಟ.

ಮೌಲಮ್ಮ ಬ್ಯಾಟರಿ ಬಿಚ್ಚಿ ನೆರಳಿಗೆ ಇಟ್ಟಳು. ಕಸಬರಿಗಿ ಕಡ್ಡಿಲೆ ಒಂದೊಂದೇ ತೂತು ಬಿಡಿಸಿದಳು. ಬೂಷ್ಟು ತಿಕ್ಕಿ ತೊಳೆದಳು. ಆಮ್ಯಾಲ ಸುಮ್ಮನ ಕುಂತಳು. ಜಲ್ದಿ ನೀರು ಹಾಕಬೇ ಅಂತ ಯಂಕೋಬ ಕಾಲಿಗೆ ಬಿದ್ದ. ಆಕಿ ಮಿಸುಕಲಿಲ್ಲ.

"ಬಿಸಿಲಾಗ ಬಂದವರಿಗೆ ಬಂದ ಕೂಡ್ಲೆ ನೀರು ಕುಡಿಸ್ತಿಯೇನಪ್ಪ? ಕುಂದ್ರಲಿ. ತಣ್ಣಗಾಗಲಿ," ಅಂದಳು.

ಆ ಹೊತ್ತು ಯಂಕೋಬಗ ಒಂದು ಯುಗ ಆತಂತ. ಕಡಿಗೆ ಆಕಿ ಗಾಜಿನ ಬಾಟಲಿಯಿಂದ ಬ್ಯಾಟರಿ ನೀರು ಹನಿಹನಿ ಬಿಟ್ಟಳು, ಪ್ಲೇಟು ಮುಳುಗೋವಷ್ಟೇ, ಒಂದು ಹನಿ ಹೆಚ್ಚಿಲ್ಲ. ಕೂಡಿಸಿ, ತಿರುವು ಅಂದಳು. ಕಾರು ಹೆಂಗ ಗರ್ಜಿಸಿತು ಅಂದ್ರ, ಮೂರೂರಿನ ನಾಯಿ ಬೊಗಳಿದವಂತ!

ಮೌಲಮ್ಮನ್ನ ಬಿಟ್ಟು ಬರಾಕ ಯಂಕೋಬ ಒಪ್ಪಲಿಲ್ಲ. ಆಕಿ ಮುಂದ ಕುಂತಳು, ಸೋದರಮಾವ ಹಿಂದ ಹೋದ. ದಾರ್ಯಾಗ ಒಂದೇ ಮಾತು ಹೇಳಿದಳಂತ:

"ಭಕ್ತಿ ಬ್ಯಾಡ ಅನ್ನಂಗಿಲ್ಲಪ್ಪ. ಕುಂಕುಮ ಬಂಪರಿಗೆ ಹಚ್ಚು. ಬ್ಯಾಟರಿ ಮೂಗಿಗೆ ಹಚ್ಚಬ್ಯಾಡ."

ಹಂದರದಾಗ ಮದುಮಗನ್ನ ಕಂಡು ಹನುಮಕ್ಕ ನಕ್ಕಳು. ನಡೆದದ್ದೆಲ್ಲಾ ಕೇಳಿದ ಮ್ಯಾಲ, ಕೊರಳಿಗೆ ತಾಳಿ ಬಿದ್ದ ಕೂಡ್ಲೆ, ಅತ್ತಿಗಿಂತ ಮೊದಲು ಮೌಲಮ್ಮನ ಕಾಲು ಮುಟ್ಟಿದಳಂತ.

ಇವತ್ತಿಗೂ ನಮ್ಮ ಕಡೆ ಬ್ಯಾಸಿಗಿ ಲಗ್ನದಾಗ, ಮದುಮಗನ ಕಾರು ಹೊರಡೋಕಿಂತ ಮುಂಚೆ ಮನಿ ಹಿರೇಹೆಂಗಸು ಡ್ರೈವರ್‌ನ ಮುಂದ ನಿಂದ್ರತಾಳ. ಬ್ಯಾಟರಿಗೆ ನೀರು ಕುಡಿಸಿದಿಯೇನಪ್ಪ ಅಂತ ಕೇಳ್ತಾಳ. ಅವ ಬಾನೆಟ್ ಎತ್ತಿ ತೋರಿಸಬೇಕು. ಅಲ್ಲಿ ತನಕ ಮದುಮಗ, ಯಾವ ದೊಡ್ಡ ಮನಿತನದವ ಇದ್ರೂ, ಬಿಸಿಲಾಗೇ ನಿಂದ್ರಬೇಕು.