ಅಡಿಕೆ ಹಾಳೆಯ ಮೇಲಿನ ಏಡಿ

ಗುಡ್ಡಕ್ಕೂ ಕಡಲಿಗೂ ನಡುವೆ ಒಂದು ಡಾಂಬರು ರಸ್ತೆ. ಗುಡ್ಡದ ಬದಿಗೆ ಹಂಚಿನ ಮಾಡಿನ ಪುಟ್ಟ ಆಶ್ರಮ. ಅಲ್ಲಿದ್ದ ವೃದ್ಧೆಯನ್ನು ಸುತ್ತಲಿನವರೆಲ್ಲ ಅಬ್ಬೆ ಎನ್ನುತ್ತಿದ್ದರು. ಆ ಕಡೆ ತಾಯಿಯನ್ನು ಹಾಗೆ ಕರೆಯುವವರಿದ್ದಾರೆ.

ಅಬ್ಬೆಯ ಶಿಷ್ಯೆ ಪಾರವ್ವ ಬಯಲುಸೀಮೆಯವಳು. ಬಂದು ಒಂದು ವರ್ಷ ತುಂಬಿರಲಿಲ್ಲ. ಕಡಲ ದಂಡೆಯ ಮೊದಲ ಮಳೆಯನ್ನು ಅವಳಿನ್ನೂ ಕಂಡಿರಲಿಲ್ಲ.

ಒಳ್ಳೆಯ ಹೆಂಗಸು. ಯಾರಿಗಾದರೂ ಕಾಲು ನೋವೆಂದರೆ ಎಣ್ಣೆ ಬಟ್ಟಲು ಹಿಡಿದು ಓಡುವವಳು. ಬೇಡವೆಂದರೂ ತಿಕ್ಕುವವಳು.

ಆ ಜ್ಯೇಷ್ಠ ಮಾಸದಲ್ಲಿ ಅವಳ ತಂಗಿ ದ್ಯಾಮವ್ವ ಆಶ್ರಮಕ್ಕೆ ಬಂದಳು. ಗಂಡ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಗಂಡ ಹೆಂಡತಿ ಇಬ್ಬರೂ ಒಂದೇ ಮಗ್ಗದಲ್ಲಿ ಸರದಿಯ ಮೇಲೆ ಕೂತು ಕುಪ್ಪಸದ ಕಣ ನೇಯುತ್ತಿದ್ದವರು. ಈಗ ಮಗ್ಗ ನಿಂತಿತ್ತು.

ದ್ಯಾಮವ್ವ ದಿನವಿಡೀ ಜಗಲಿಯ ಕಂಬಕ್ಕೊರಗಿ ಕೂರುತ್ತಿದ್ದಳು. ಮಡಿಲಲ್ಲಿ ಬೆರಳುಗಳು ಮಾತ್ರ ಅಲ್ಲಾಡುತ್ತಿದ್ದವು. ಅದನ್ನು ಕಂಡಾಗಲೆಲ್ಲ ಪಾರವ್ವ ಎಣ್ಣೆ ಬಟ್ಟಲು ತರುತ್ತಿದ್ದಳು. ತಂಗಿಯ ಕೈ ದುಃಖಕ್ಕೆ ನಡುಗುತ್ತಿದೆ ಎಂದುಕೊಳ್ಳುತ್ತಿದ್ದಳು.

“ಇನ್ನ ಆ ಊರಿಗೆ ಹೋಗೂದು ಬ್ಯಾಡ, ದ್ಯಾಮಿ. ಇಲ್ಲೇ ಇದ್ದುಬಿಡು.”

“ಮಗ್ಗದ ಮ್ಯಾಲ ಅರ್ಧ ಕಣ ಹಂಗ ಉಳದೈತಕ್ಕಾ.”

“ಅದನ್ನ ನೋಡಿದ್ರ ಆತನ ನೆನಪು ಬರ್ತೈತಿ.”

“ಬರ್ಲಿ.”

ಪಾರವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ಊರಿನ ಸೋದರಮಾವನಿಗೆ ಕಾಗದ ಬರೆದಳು. ಹಳೇ ಮಗ್ಗವನ್ನು ಯಾರಿಗಾದರೂ ಮಾರಿಬಿಡಿ, ದ್ಯಾಮಿ ಇನ್ನು ಬರುವುದಿಲ್ಲ, ಎಂದು. ತಂಗಿಗೆ ಹೇಳಲಿಲ್ಲ. ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಬ್ಬೆಯ ಮುಂದೆ ಕೂತಳು.

“ಅಬ್ಬೆ, ನಮ್ಮ ದ್ಯಾಮಿಗೂ ಕಾವಿ ಕೊಡ್ರಿ. ಆಕೀನೂ ಇಲ್ಲೇ ಇರ್ಲಿ.”

“ಅವಳು ಕೇಳಿದಳಾ?”

“ಆಕಿ ಯಾವತ್ತೂ ಏನೂ ಕೇಳಿದಾಕಿ ಅಲ್ಲ. ನಾನೇ ಕೇಳಬೇಕು.” ಪಾರವ್ವ ಕಾಗದ ತೆಗೆದು ತೋರಿಸಿದಳು. “ಮಗ್ಗ ಮಾರಾಕ ಬರದೀನಿ. ನೀವು ಹೂಂ ಅಂದ್ರ ನಾಳೆ ಬಸ್ಸಿಗೆ ಕೊಟ್ಟು ಕಳಸ್ತೀನಿ.”

“ಮಗ್ಗ ಯಾರದು?”

“ಆಕೀದು.”

ಅಬ್ಬೆ ಆಕಾಶದತ್ತ ನೋಡಿದರು. ಕಡಲಿನ ಮೇಲೆ ಮೋಡ ಕಟ್ಟಿತ್ತು.

“ಮೊದಲು ಏಡಿ ದಾಟಲಿ. ಕಾಗದ ಆಮೇಲೆ ನೋಡುವಾ.”

ಯಾವ ಏಡಿ, ಎಲ್ಲಿಗೆ ದಾಟುವುದು, ಪಾರವ್ವನಿಗೆ ಒಂದೂ ತಿಳಿಯಲಿಲ್ಲ.

ರಾತ್ರಿಯಿಡೀ ಮಳೆ ಹೊಯ್ಯಿತು. ಬೆಳಕು ಹರಿಯುವಾಗ ಅವಳು ಬಾಗಿಲು ತೆಗೆದು ನೋಡಿದರೆ ಗುಡ್ಡವೇ ಸರಿಯುತ್ತಿರುವಂತಿತ್ತು. ಬಿಲಗಳಿಂದ, ಕಲ್ಲಿನ ಸಂದಿಗಳಿಂದ ಕೆಂಪು ಏಡಿಗಳು ಎದ್ದು ಕಡಲಿನ ಕಡೆಗೆ ಇಳಿಯುತ್ತಿದ್ದವು. ಒಂದೊಂದರ ಹೊಟ್ಟೆಯಡಿಯಲ್ಲೂ ರಾಗಿ ಮೆತ್ತಿದಂತೆ ಮೊಟ್ಟೆ.

ರಸ್ತೆಯ ಮೇಲೆ ಆಗಲೇ ಒಂದು ಲಾರಿ ಹೋಗಿತ್ತು. ಅದು ಹೋದ ಗುರುತು ಅಲ್ಲಿತ್ತು.

ಅಬ್ಬೆ ಅಡಿಕೆ ಹಾಳೆಯ ಒಂದು ತುಂಡನ್ನು ಅವಳ ಕೈಗಿತ್ತರು.

“ಕಾಲು ಹಿಡಿದು ಎತ್ತಬೇಡ. ಕಾಲನ್ನು ನಿನ್ನ ಕೈಯಲ್ಲಿ ಬಿಟ್ಟು ಏಡಿ ಹೋಗ್ತದೆ. ಹಾಳೆ ಅದರ ಮುಂದೆ ಇಡು. ಅದಾಗೇ ಹತ್ತಲಿ. ರಸ್ತೆ ದಾಟಿಸಿ ಅಂಚಿನಲ್ಲಿ ಇಳಿಸು.”

“ಆಮ್ಯಾಲ?”

“ಆಮೇಲೆ ಇನ್ನೊಂದು.”

ಅಬ್ಬೆ ಒಂದು ತಿರುವಿಗೆ ಹೋದರು. ಪಾರವ್ವ ಇನ್ನೊಂದು ತಿರುವಿಗೆ ನಿಂತಳು. ಆರೂವರೆಯ ಬಸ್ಸು ಬಂತು. ಅವಳು ಹಾಳೆಯನ್ನೇ ಅಡ್ಡ ಹಿಡಿದು ನಿಲ್ಲಿಸಿದಳು. ಡ್ರೈವರ್ ಮಾಬ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಏನು ಪಾರವ್ವೋರೇ, ಇವಕ್ಕೆಲ್ಲ ಟಿಕೆಟ್ ಹರಿಯೂದೋ?”

“ಪಾಸ್ ಐತಿ ಅವಕ್ಕ!”

“ಯಾವ ಪಾಸು? ಹಿರಿಯ ನಾಗರಿಕರದ್ದೋ?”

“ಬಸುರಿ ಹೆಂಗಸರದ್ದು. ಗಾಡಿ ಬಂದ್ ಮಾಡಿ ಸುಮ್ನ ಕೂಡು.”

ಬಸ್ಸಿನೊಳಗೆ ಮೀನು ಬುಟ್ಟಿಯವರು ಗೊಳ್ಳೆಂದು ನಕ್ಕರು. ಮಾಬ್ಲ ನಿಜವಾಗಿಯೂ ಎಂಜಿನ್ ಆರಿಸಿ ಬೀಡಿ ಹಚ್ಚಿದ.

ಬಸ್ಸು ಹೋದ ಮೇಲೆ ಪಾರವ್ವ ಆಚೆ ಬದಿಗೆ ನೋಡಿದಳು. ಅವಳು ಇಳಿಸಿದ ಏಡಿಗಳು ಮರಳಿನಲ್ಲಿ ನಾಲ್ಕು ಹೆಜ್ಜೆ ಹೋಗುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಮೇಲೆ ಕಾಗೆಗಳು. ಕಡಲು ಇನ್ನೂ ಎಷ್ಟೋ ದೂರ.

ಅವಳ ಊರಿನ ಕೆರೆಯಲ್ಲೂ ಏಡಿಗಳಿದ್ದವು. ನೀರಲ್ಲೇ ಹುಟ್ಟಿ ನೀರಲ್ಲೇ ಇರುವಂಥವು. ಪಾಪ, ಮನೆ ಬಾಗಿಲಿನ ತನಕ ತಂದು ಹೊರಗೇ ಬಿಟ್ಟಂತಾಯಿತಲ್ಲ, ಇದೆಂಥ ಉಪಕಾರ, ಎಂದುಕೊಂಡಳು.

ಓಡಿ ಹೋಗಿ ಬಕೆಟ್ ತಂದಳು. ಅಂಚಿನಲ್ಲಿದ್ದ ಏಡಿಗಳನ್ನೆಲ್ಲ ಹಾಳೆಯಿಂದ ಬಕೆಟ್ಟಿಗೆ ತುಂಬಿದಳು. ಅಲೆ ಒಡೆಯುವ ಜಾಗವನ್ನೂ ದಾಟಿ, ಸೊಂಟದ ಮಟ್ಟದ ನೀರಿಗೆ ಇಳಿದು ಸುರಿದಳು. ಮತ್ತೆ ಬಂದು ತುಂಬಿದಳು. ಮತ್ತೆ ಸುರಿದಳು.

ಅಬ್ಬೆ ತಿರುವಿನ ಆಚೆಗಿದ್ದರು. ಅವರಿಗೆ ಇದು ಕಾಣಲಿಲ್ಲ.

“ನಾ ಒಯ್ದದ್ದು ಒಂದೂ ಮರಳು ತುಳೀಲಿಲ್ಲ ನೋಡು,” ಎಂದಳು ಪಾರವ್ವ ತಂಗಿಗೆ, ಜಗಲಿಗೆ ಬಂದು ಸೀರೆ ಹಿಂಡಿಕೊಳ್ಳುತ್ತ. “ಸೀದಾ ಮನೀಗೆ ಮುಟ್ಟಿಸಿ ಬಂದೆ.”

ದ್ಯಾಮವ್ವ ಅಕ್ಕನ ಮುಖ ನೋಡಿದಳು.

ಆ ಸಂಜೆ ಪಾರವ್ವ ಹುರುಪಿನಿಂದ ದಂಡೆಗೆ ಹೋದಳು. ನೊರೆ ಬಂದು ನಿಂತಿದ್ದ ಗೆರೆಯುದ್ದಕ್ಕೂ ಏಡಿಗಳು ಅಂಗಾತ ಬಿದ್ದಿದ್ದವು. ಕಾಲು ಮಡಚಿಕೊಂಡಿದ್ದವು. ಹೊಟ್ಟೆಯಡಿಯಲ್ಲಿ ಮೊಟ್ಟೆ ಹಾಗೆಯೇ ಇತ್ತು.

ಒಂದನ್ನು ತಿರುವಿ ಹಾಕಿದಳು. ಅದು ನಡೆಯಲಿಲ್ಲ. ಇನ್ನೊಂದನ್ನು ತಿರುವಿದಳು.

ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅಬ್ಬೆಯ ಕಾಲ ಬಳಿ ಸುರಿದಳು. ಮಾಡಿದ್ದನ್ನೆಲ್ಲ ಹೇಳಿದಳು.

“ಏಡಿ ನೀರಾಗ ಮುಳುಗಿ ಸಾಯ್ತಾವೇನ್ರೀ ಅಬ್ಬೆ?”

“ಗುಡ್ಡದ ಏಡಿ ಸಾಯ್ತದೆ.”

“ಕಡಲು ಅವುಗಳ ಮನಿ ಅಲ್ಲೇನ್ರೀ?”

“ಹುಟ್ಟಿದ್ದು ಅಲ್ಲಿ. ಉಸಿರಾಡುವುದು ಇಲ್ಲಿ.”

“ಹಂಗಾದ್ರ ಯಾಕ ಹೋಗ್ತಾವು?”

ಅಬ್ಬೆ ಎದ್ದು ಹೋದರು. ಗುದ್ದಲಿ ತಂದರು. ಇಬ್ಬರೂ ಸೇರಿ ಹಿತ್ತಲಿನಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚಿದರು.

“ಬೈಯ್ರಿ ನನ್ನ,” ಎಂದಳು ಪಾರವ್ವ.

“ಬೈದರೆ ನಿನಗೆ ಹಗುರಾಗ್ತದೆ. ಅವಕ್ಕೇನು?” ಅಬ್ಬೆ ಅವಳ ಅಂಗೈಯ ಮಣ್ಣನ್ನು ತಮ್ಮ ಸೆರಗಿನಿಂದ ಒರೆಸಿದರು. “ನಾಳೆ ನಿನಗೆ ಒಂದೇ ಏಡಿ. ರಸ್ತೆಯಂಚಿನಿಂದ ಅದರ ಹಿಂದೆ ಹೋಗು. ಕೈ ಬೆನ್ನ ಹಿಂದೆ ಕಟ್ಟಿಕೊಂಡಿರು.”

“ಏನರ ಆದ್ರ?”

“ಕಟ್ಟಿಕೊಂಡೇ ಇರು.”

ಮರುದಿನ ಬೆಳಿಗ್ಗೆ ಪಾರವ್ವ ಒಂದು ಏಡಿಯ ಹಿಂದೆ ಹೊರಟಳು.

ಅದು ನಾಲ್ಕು ಹೆಜ್ಜೆ ನಡೆದು ನಿಂತಿತು. ದಣಿಯಿತು ಎಂದುಕೊಂಡಳು. ಬಗ್ಗಿ ನೋಡಿದರೆ, ಅದು ಹಸಿ ಮರಳಿಗೆ ಮೈ ಒತ್ತಿ ತೇವ ಹೀರುತ್ತಿತ್ತು. ಆಮೇಲೆ ಮತ್ತೆ ನಡೆಯಿತು.

ಕಾಗೆ ಬಂದು ಎದುರಿಗೆ ಕೂತಿತು. ಪಾರವ್ವನ ಕೈ ಬೆನ್ನ ಹಿಂದೆ ಒದ್ದಾಡಿತು. ಏಡಿ ಇಕ್ಕಳದಂಥ ಎರಡು ಕಾಲುಗಳನ್ನೆತ್ತಿ ನಿಂತಿತು. ಕಾಗೆ ಒಂದು ಸುತ್ತು ಹಾಕಿ, ಇನ್ನೊಂದು ಸುತ್ತು ಹಾಕಿ, ಹಾರಿಹೋಯಿತು.

ನೀರಿನ ಹತ್ತಿರ ಒಂದು ಬಂಡೆ. ಏಡಿ ಅದನ್ನು ಎಲ್ಲ ಕಾಲುಗಳಿಂದ ಗಟ್ಟಿಯಾಗಿ ಹಿಡಿದುಕೊಂಡಿತು. ಒಂದು ಅಲೆ ಬಂದು ಅದನ್ನು ಮುಚ್ಚಿತು. ಪಾರವ್ವ ಉಸಿರು ಹಿಡಿದಳು. ಅಲೆ ಹಿಂದಕ್ಕೆ ಸರಿದಾಗ ಏಡಿ ಅಲ್ಲೇ ಇತ್ತು. ಮೈ ಕೊಡವಿತು. ಹೊಟ್ಟೆಯಡಿಯ ಮೊಟ್ಟೆ ಕಳಚಿ ನೀರಿನಲ್ಲಿ ಕಂದು ಬಣ್ಣ ಹರಡಿತು.

ಇನ್ನೊಂದು ಅಲೆ. ಇನ್ನೊಮ್ಮೆ ಕೊಡವಿತು.

ಆಮೇಲೆ ತಿರುಗಿ, ಬಂದ ದಾರಿಯಲ್ಲೇ ಗುಡ್ಡದ ಕಡೆಗೆ ಹೊರಟಿತು. ಪಾರವ್ವನ ಪಾದ ಅಡ್ಡವಿತ್ತು. ಅದರ ಮೇಲೇ ಹತ್ತಿ ಇಳಿಯಿತು. ಅವಳು ಅಲುಗಾಡಲಿಲ್ಲ.

ರಸ್ತೆಯಂಚಿಗೆ ಬಂದಾಗ ಅಬ್ಬೆ ಹಾಳೆ ಹಿಡಿದು ಅಲ್ಲಿದ್ದರು.

ಪಾರವ್ವ ನೇರ ಜಗಲಿಗೆ ಬಂದಳು. ದ್ಯಾಮವ್ವ ಕಂಬಕ್ಕೊರಗಿ ಕೂತಿದ್ದಳು. ಮಡಿಲಲ್ಲಿ ಬೆರಳುಗಳು ಅಲ್ಲಾಡುತ್ತಿದ್ದವು. ಪಾರವ್ವ ಮೊದಲ ಸಲ ನಿಂತು ನೋಡಿದಳು. ಬಲಗೈ ಎಸೆಯುತ್ತಿತ್ತು. ಎಡಗೈ ಹಿಡಿಯುತ್ತಿತ್ತು. ಎಡಗೈ ಎಸೆಯುತ್ತಿತ್ತು. ಬಲಗೈ ಹಿಡಿಯುತ್ತಿತ್ತು.

ಮಗ್ಗದ ಲಾಳಿ.

“ದ್ಯಾಮಿ, ಕಣ ಎಷ್ಟು ಉಳದೈತಿ?”

“ಮೂರು ಮೊಳ.” ಉತ್ತರ ತಡವಾಗಲಿಲ್ಲ. “ಆತ ಎದ್ದು ಹೋದಲ್ಲಿಂದ ಮೂರು ಮೊಳ.”

ಪಾರವ್ವ ಸೊಂಟದಿಂದ ಕಾಗದ ತೆಗೆದು ತಂಗಿಯ ಕೈಗಿತ್ತಳು. ಅದು ನೆನೆದು ಒಣಗಿ ಗರಿಗರಿಯಾಗಿತ್ತು. ದ್ಯಾಮವ್ವ ನಿಧಾನವಾಗಿ ಓದಿದಳು. ಅವಳ ಮುಖ ಕೆಂಪಾಯಿತು.

“ಹಳೇ ಮಗ್ಗ ಅಂತ ಬರದೀಯಲ್ಲ!”

“ತಪ್ಪಾತವ್ವಾ.”

“ಸಾಗವಾನಿ ಕಟ್ಟಿಗೀದು ಅದು. ಯಾವನ ಮನ್ಯಾಗ ಐತಿ ಅಂಥಾದ್ದು? ಹಳೇದಂತ, ಹಳೇದು!”

ಬಂದ ಹದಿನೈದು ದಿನಗಳಲ್ಲಿ ಅವಳು ದನಿಯೇರಿಸಿದ್ದು ಅದೇ ಮೊದಲು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಲೆಗೆ ಹಾಕಿದಳು. ಆಮೇಲೆ ಒಲೆಯ ಮುಂದೆಯೇ ಕೂತು ಅತ್ತಳು. ಪಾರವ್ವ ಎಣ್ಣೆ ತರಲಿಲ್ಲ, ನೀರು ತರಲಿಲ್ಲ. ಪಕ್ಕದಲ್ಲಿ ಕೂತಳು.

“ಅಲ್ಲಿ ಒಬ್ಬಾಕಿ ಹೆಂಗ ಇರ್ತಿ?” ಎಂದು ತಂಗಿಯ ಅಳು ನಿಂತ ಮೇಲೆ ಕೇಳಿದಳು.

“ಗೊತ್ತಿಲ್ಲಕ್ಕಾ,” ಎಂದಳು ದ್ಯಾಮವ್ವ. “ಹೋಗಿ ನೋಡ್ತೀನಿ.”

ಮರುದಿನ ಬೆಳಿಗ್ಗೆ ದ್ಯಾಮವ್ವ ಹೊರಟಳು. ಅವಳು ತಂದಿದ್ದದ್ದು ಒಂದು ಕೈಚೀಲ. ಪಾರವ್ವ ಅದರೊಳಗೆ ಹಪ್ಪಳ ತುಂಬಿದಳು, ಉಪ್ಪಿನಕಾಯಿಯ ಡಬ್ಬಿ ತುಂಬಿದಳು, ತನ್ನ ಕಂಬಳಿಯನ್ನೂ ತುರುಕಿದಳು. ಚೀಲದ ಹೊಟ್ಟೆ ಊದಿಕೊಂಡಿತು.

“ಅಕ್ಕಾ, ನಾನು ಹೊತ್ಕೋತೀನಿ, ಕೊಡು.”

“ಇರ್ಲಿ, ನಾ ತರ್ತೀನಿ.”

ಇಬ್ಬರೂ ಗುಡ್ಡದಿಂದ ಇಳಿದರು. ಬಸ್ಸು ನಿಲ್ಲುವುದು ಆಚೆ ಬದಿಗೆ. ಮಾಬ್ಲ ಆಗಲೇ ಬಂದು ಎಂಜಿನ್ ಆರಿಸಿ ಕಾಯುತ್ತಿದ್ದ. ರಸ್ತೆಯ ತುಂಬ ಏಡಿಗಳು. ನಡುವೆ ಅಬ್ಬೆ ಬಗ್ಗಿ ನಿಂತಿದ್ದರು.

“ಪಾರವ್ವೋರೇ,” ಎಂದು ಕೂಗಿದ ಮಾಬ್ಲ, “ಇವತ್ತು ನಿಮ್ಮದೂ ಪಾಸೋ, ಟಿಕೆಟ್ಟೋ?”

ಪಾರವ್ವನಿಗೆ ನಗು ಬರಲಿಲ್ಲ. ಚೀಲದ ಹಿಡಿಕೆಯನ್ನು ಎರಡೂ ಕೈಗಳಿಂದ ಹಿಡಿದು ಅಬ್ಬೆಯ ಹತ್ತಿರ ನಿಂತಳು.

“ಅಬ್ಬೆ, ಹುಬ್ಬಳ್ಳಿ ತನಕ ಹೋಗಿ ಬರ್ಲೇನ್ರೀ? ಅಲ್ಲಿ ಬಸ್ ಬದಲು ಮಾಡಬೇಕು. ದ್ಯಾಮಿಗೆ ಗದ್ದಲದಾಗ ತಿಳಿಯಂಗಿಲ್ಲ. ಇಲ್ಲಾಂದ್ರ ಮನಿ ತನಕ ಹೋಗಿ, ಆ ಮೂರು ಮೊಳ ಮುಗಿಯೂ ತನಕ ಇದ್ದು…”

ದ್ಯಾಮವ್ವ ಏಡಿಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, ಅಕ್ಕನ ಕಡೆ ತಿರುಗಿ ನೋಡಿದಳು. ಕಾದಳು.

ಪಾರವ್ವ ಮಾತು ನಿಲ್ಲಿಸಿದಳು. ಕಣ್ಣು ತುಂಬಿತ್ತು.

“ಈ ಚೀಲ ಎಲ್ಲಿ ತನಕ ಹೊರಲ್ರೀ ಅಬ್ಬೆ?”

ಅಬ್ಬೆ ತಲೆಯೆತ್ತಲಿಲ್ಲ. ಒಂದು ಏಡಿಯ ಮುಂದೆ ಹಾಳೆ ಇಟ್ಟು, ಅದು ಹತ್ತುವುದನ್ನೇ ಕಾಯುತ್ತಿದ್ದರು.

“ರಸ್ತೆ ದಾಟುವ ತನಕ.”